ಆಟೋಮ್ಯಾಟಿಕ್ ಲಾರಿ ಅಂದ್ರೆ ಸೋಮಾರಿಗಳ ಗಾಡಿಯಾ?

"ಗೇರ್ ಹಾಕುಕ್ ಬಾರದ್ದವ್ರಿಗೆ ಆಟೋಮ್ಯಾಟಿಕ್ ಮರಾಯ್ರೆ, ನಮ್ಗೆಂತಕೆ?"

ಕೆರಾಡಿ, ಮುದೂರು, ಹೊಸಂಗಡಿ ಕಡೆ ಲಾರಿ ವಿಷಯ ತೆಗೆದರೆ ಈ ಡೈಲಾಗ್ ಗ್ಯಾರಂಟಿ. ಲಾರಿ ಬಿಡುವವರು ಹೇಳಿದರೆ ಒಪ್ಪಬಹುದು, ಅದು ಅವರ ಕೈಚಳಕದ ಹೆಮ್ಮೆ. ಆದರೆ ಒಂದು ದಿನವೂ ಲೋಡ್ ಗಾಡಿಯ ಕ್ಲಚ್ ತುಳಿಯದ ಧಣಿಗಳೂ, ಊರಿಗೆ ಬಂದಾಗ ಆಟೋಮ್ಯಾಟಿಕ್ ಕಾರಿನಲ್ಲಿ ತಿರುಗುವ ಬೆಂಗಳೂರು ಗೆಳೆಯರೂ ಇದನ್ನೇ ಹೇಳ್ತಾರಲ್ಲ, ಅದಕ್ಕೆ ಈ ಜಗಳದ ಬರಹ :)

ಕಾಂತಾರ ಸಿನಿಮಾ (2022) ಬಂದ ಮೇಲೆ ಕೆರಾಡಿಯ ಕಾಡು ಎಲ್ಲರಿಗೂ ಗೊತ್ತು. ಆ ಕಾಡಿನ ಬೆನ್ನಿಗೇ ಘಟ್ಟ ಇದೆ. ಆಗುಂಬೆಯ ತಿರುವುಗಳು ದೊಡ್ಡ ಲಾರಿಗೆ ಆಗುವುದಿಲ್ಲ. ಹಾಗಾಗಿ ಕರಾವಳಿಯಿಂದ ಶಿವಮೊಗ್ಗ ಕಡೆಗೆ ಹೋಗುವ ಭಾರವೆಲ್ಲ ಹುಲಿಕಲ್ ಘಾಟಿಯಂಥ ದಾರಿ ಹಿಡಿಯಬೇಕು. ಅಲ್ಲಿ ಲೋಡ್ ಲಾರಿ ತಿರುವಿಗೆ ಬಂದು ಗೇರು ಇಳಿಸುವಾಗ ಏನಾಗುತ್ತದೆ ನೋಡಿ. ಚಾಲಕ ಕ್ಲಚ್ ತುಳಿದ ಕೂಡಲೇ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯಿತು. ಆ ಒಂದು ಕ್ಷಣ ಅಷ್ಟೂ ಟನ್ನು ಹಿಂದಕ್ಕೆ ಎಳೆಯುತ್ತದೆ. ಗೇರು ಬೀಳದಿದ್ದರೆ ಲಾರಿ ನಿಂತೇ ಹೋಗುತ್ತದೆ, ಮತ್ತೆ ಹಿಂದೆ ಜಾರುತ್ತದೆ. ಆಗ ಇಳಿದು ಚಕ್ರದ ಹಿಂದೆ ಕಲ್ಲು ಇಡುವುದು ಯಾರು? ಕ್ಲೀನರ್ ಹುಡುಗ. ಈಗೀಗ ಎಷ್ಟೋ ಲಾರಿಗಳಲ್ಲಿ ಅವನೂ ಇಲ್ಲ. ಇದನ್ನು "ಗಂಡಸ್ತನ" ಅಂತ ಕರೆಯುವವರು ಒಂದು ಸಲ ಆ ಕಲ್ಲು ಹಿಡಿದು ನಿಲ್ಲಲಿ.

ಹಾಗಾದರೆ ಆಟೋಮ್ಯಾಟಿಕ್ ಒಳಗೆ ಇರೋದಾದ್ರೂ ಏನು? ಮಂತ್ರ ಏನಿಲ್ಲ, ಒಂದು ಪುಟ್ಟ ಸೌರಮಂಡಲ. ನಡುವೆ ಸೂರ್ಯ ಗೇರು. ಸುತ್ತ ಮೂರೋ ನಾಲ್ಕೋ ಗ್ರಹ ಗೇರುಗಳು. ಗ್ರಹಗಳನ್ನೆಲ್ಲ ಹಿಡಿದುಕೊಂಡ ಒಂದು ಚೌಕಟ್ಟು, ಅದೇ ಕ್ಯಾರಿಯರ್. ಇವೆಲ್ಲದರ ಹೊರಗೆ ಒಳಹಲ್ಲಿನ ಉಂಗುರ. ಯಾರನ್ನು ತಿರುಗಿಸಿ ಯಾರನ್ನು ಹಿಡಿದು ನಿಲ್ಲಿಸುತ್ತೀರಿ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ.

ಸೂರ್ಯನಿಗೆ 30 ಹಲ್ಲು, ಗ್ರಹಕ್ಕೆ 20, ಉಂಗುರಕ್ಕೆ 70 ಅಂತಿಟ್ಟುಕೊಳ್ಳಿ. ಉಂಗುರವನ್ನು ಹಿಡಿದು ಸೂರ್ಯನನ್ನು 10 ಸುತ್ತು ತಿರುಗಿಸಿದರೆ ಕ್ಯಾರಿಯರ್ 3 ಸುತ್ತು ಬರುತ್ತದೆ. ವೇಗ ಕಮ್ಮಿ, ಎಳೆಯುವ ಬಲ ಮೂರು ಪಟ್ಟಿಗೂ ಹೆಚ್ಚು. ಸೂರ್ಯನನ್ನು ಹಿಡಿದು ಉಂಗುರವನ್ನು 10 ಸುತ್ತು ತಿರುಗಿಸಿದರೆ ಕ್ಯಾರಿಯರ್ 7 ಸುತ್ತು. ಕ್ಯಾರಿಯರನ್ನೇ ಹಿಡಿದರೆ ಉಂಗುರ ಉಲ್ಟಾ ತಿರುಗುತ್ತದೆ, ಅದು ರಿವರ್ಸ್. ಎರಡನ್ನು ಒಟ್ಟಿಗೆ ಬಿಗಿದರೆ ಇಡೀ ಮಂಡಲ ಒಂದೇ ಗಟ್ಟಿಯಾಗಿ ತಿರುಗುತ್ತದೆ. ಯಾರನ್ನೂ ಹಿಡಿಯದಿದ್ದರೆ ನ್ಯೂಟ್ರಲ್. ಹಲ್ಲುಗಳು ಯಾವತ್ತೂ ಬಿಡಿಸಿಕೊಳ್ಳುವುದಿಲ್ಲ, ಕರ್ರ್ ಅನ್ನುವ ಪ್ರಶ್ನೆಯೇ ಇಲ್ಲ. ಮೇಲಾಗಿ ಭಾರ ಒಂದೇ ಜಾಗದ ಹಲ್ಲಿನ ಮೇಲೆ ಬೀಳದೆ ಎಲ್ಲ ಗ್ರಹಗಳಿಗೂ ಹಂಚಿಹೋಗುತ್ತದೆ.

ಈ "ಹಿಡಿಯುವ" ಕೆಲಸ ಕ್ಲಚ್ಚುಗಳದ್ದು. ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ಪ್ಲೇಟು, ಘರ್ಷಣೆಯ ಪ್ಲೇಟು, ಒಂದರ ಪಕ್ಕ ಒಂದು. ಎಣ್ಣೆಯ ಒತ್ತಡದ ಪಿಸ್ಟನ್ ಒತ್ತಿದರೆ ಎಲ್ಲ ಒಂದಾಗುತ್ತವೆ. ಆಲಿಸನ್ ಕಂಪನಿಯ ಆರು ಗೇರಿನ ಭಾರಿ ಪೆಟ್ಟಿಗೆಯಲ್ಲಿ ಮೂರು ಗ್ರಹಮಂಡಲ, ಐದು ಕ್ಲಚ್ಚು. ಯಾವ ಗೇರಿಗೂ ಎರಡೇ ಕ್ಲಚ್ಚು ಹಿಡಿದಿರುತ್ತವೆ. ಮೊದಲನೆಯದಕ್ಕೆ 1 ಮತ್ತು 5, ಎರಡನೆಯದಕ್ಕೆ 1 ಮತ್ತು 4. ಅಂದರೆ ಒಂದನೇ ಕ್ಲಚ್ಚು ಹಿಡಿದೇ ಇದೆ, ಐದು ಬಿಡುತ್ತಿದ್ದಂತೆ ನಾಲ್ಕು ಹಿಡಿಯುತ್ತದೆ. ಕಂಬಳಿಯ ಮೂಟೆಯನ್ನು ಒಬ್ಬ ಇನ್ನೊಬ್ಬನ ಕೈಗೆ ದಾಟಿಸಿದ ಹಾಗೆ, ನೆಲಕ್ಕೆ ಬೀಳುವುದೇ ಇಲ್ಲ. ಘಾಟಿಯಲ್ಲಿ ಬೇಕಾದದ್ದು ಇದೇ ಅಲ್ವಾ?

ಇಲ್ಲೇ ಒಂದು ಮಾತು. ಇತ್ತೀಚೆಗೆ "ಆಟೋಮ್ಯಾಟಿಕ್" ಅಂತ ಮಾರುವ ಲಾರಿಗಳಲ್ಲಿ ಬಹಳಷ್ಟು ಎಎಂಟಿ. ಅದು ಹಳೇ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ, ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಕೊಟ್ಟಿದ್ದಾರೆ. ಮೊಣಕಾಲಿಗೆ ಪುಣ್ಯ, ನಿಜ. ಆದರೆ ಗೇರು ಬದಲಿಸುವಾಗ ಎಳೆತ ಕಡಿಯುವುದು ತಪ್ಪಲಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು ಮಾರುವುದು ಸರಿಯಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ.

"ಡೀಸೆಲ್ ಕುಡಿಯುತ್ತದೆ." ಗಾಡಿ ಹೊರಡುವಾಗ ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಸ್ವಲ್ಪ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ, ಒಪ್ಪಿದೆ. ಆದರೆ ಹೊರಡುವಾಗ ಬಲವನ್ನು ಸುಮಾರು ಎರಡು ಪಟ್ಟಿನವರೆಗೆ ಹೆಚ್ಚಿಸುವುದೂ ಅದೇ. ವೇಗ ಬಂದ ಮೇಲೆ ಲಾಕ್‌ಅಪ್ ಕ್ಲಚ್ ಬಿಗಿದುಕೊಂಡು ಆ ಸೋರಿಕೆ ನಿಲ್ಲುತ್ತದೆ.

"ಇಳಿಜಾರಿನಲ್ಲಿ ಅಪಾಯ." ಯಾವ ಗಾಡಿಯಾದರೂ ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿದರೆ ಅಪಾಯ. ಆಟೋಮ್ಯಾಟಿಕ್‌ನಲ್ಲೂ ಕೆಳಗಿನ ಗೇರನ್ನು ಚಾಲಕನೇ ಆರಿಸಬೇಕು. ಗಾಡಿ ತಾನೇ ನೋಡಿಕೊಳ್ಳುತ್ತದೆ ಅನ್ನುವ ಮಾರಾಟಗಾರನನ್ನು ನಂಬಬೇಡಿ. ಆದರೆ ಈ ಪೆಟ್ಟಿಗೆಗೆ ರಿಟಾರ್ಡರ್ ಸೇರಿಸಬಹುದು. ಅದು ಎಣ್ಣೆಯ ತಡೆಯಿಂದ ಲಾರಿಯನ್ನು ಹಿಡಿದು, ಬಿಸಿಯನ್ನು ರೇಡಿಯೇಟರಿಗೆ ದಾಟಿಸುತ್ತದೆ. ಬ್ರೇಕ್ ಡ್ರಮ್ ತಣ್ಣಗಿರುತ್ತದೆ, ಬೇಕಾದ ಹೊತ್ತಿಗೆ ಹಿಡಿಯುತ್ತದೆ.

"ಇಲ್ಲಿ ರಿಪೇರಿ ಮಾಡುವವರಿಲ್ಲ." ನಿಜ, ಸದ್ಯಕ್ಕೆ ಗಟ್ಟಿ ಆಕ್ಷೇಪ ಇದೊಂದೇ. ಆದರೆ ಎಣ್ಣೆಯಲ್ಲಿ ಮುಳುಗಿದ ಪ್ಲೇಟುಗಳ ಕ್ಲಚ್ ನಿಮ್ಮ ಸ್ಪ್ಲೆಂಡರ್ ಬೈಕಿನಲ್ಲೇ ಇದೆ. ಗ್ರಹ ಗೇರು ಜೆಸಿಬಿಯ ಚಕ್ರದ ಹಬ್ಬಿನಲ್ಲಿದೆ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇತ್ತು. 1964ರಲ್ಲಿ ಶುರುವಾದ ನಮ್ಮ ಕರ್ನಾಟಕದ ಬಿಇಎಂಎಲ್ ಗಣಿ ಡಂಪರ್‌ಗಳನ್ನೇ ಮಾಡುತ್ತದೆ, ಅವುಗಳಲ್ಲಿ ಹಲವು ಇದೇ ಜಾತಿಯ ಪೆಟ್ಟಿಗೆಯಿಂದಲೇ ಓಡುವುದು. ಬಿಎಂಟಿಸಿಯ ವೋಲ್ವೊ ಚಾಲಕರು 2000ದ ದಶಕದಿಂದ ಕ್ಲಚ್ ಇಲ್ಲದೆ ಬೆಂಗಳೂರು ಟ್ರಾಫಿಕ್ಕಿನಲ್ಲಿ ಬಸ್ಸು ಬಿಟ್ಟಿದ್ದಾರೆ. ಅವರನ್ನು ಯಾರೂ ಸೋಮಾರಿ ಅನ್ನಲಿಲ್ಲ!

ಕೊನೆಗೆ ಉಳಿಯುವುದು ಬೆಲೆ. ಹೌದು, ದುಬಾರಿ. ಆದರೆ ಅಗ್ಗದ ಗಾಡಿಯ ಉಳಿದ ಬೆಲೆಯನ್ನು ಚಾಲಕನ ಎಡಗಾಲು ದಿನಾ ಕಂತಿನಲ್ಲಿ ಕಟ್ಟುತ್ತಿದೆ. ಆ ಲೆಕ್ಕ ಧಣಿಯ ಪುಸ್ತಕದಲ್ಲಿ ಬರೆಯುವುದಿಲ್ಲ, ಅಷ್ಟೇ.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲಿ ಇಂಜಿನಿಯರುಗಳು ಬೇಕಾದಷ್ಟು ಜನ ಇದ್ದೀರಿ. ಗ್ಯಾರೇಜಿನ ಹುಡುಗನಿಗೆ ಅರ್ಥವಾಗುವಂತೆ ಇದನ್ನು ಕನ್ನಡದಲ್ಲಿ ಬರೆಯಿರಿ. "ರಿಪೇರಿ ಮಾಡುವವರಿಲ್ಲ" ಅನ್ನುವ ಕೊನೆಯ ನೆಪವೂ ಆಗ ಬಿದ್ದುಹೋಗುತ್ತದೆ. ಒಪ್ಪದವರು ಜಗಳಕ್ಕೆ ಬನ್ನಿ, ಆದರೆ ಬರುವ ಮುಂಚೆ ಒಂದು ಸಲ ಲೋಡ್ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಹುಲಿಕಲ್ ಹತ್ತಿ ಬನ್ನಿ.