ವಿದ್ವತ್ಸಭೆಯಲ್ಲಿ ವಿದ್ಯಾರ್ಥಿಗೇನು ಕೆಲಸ?

ವಿಜ್ಞಾನ ಸಮ್ಮೇಳನಗಳು ವಿದ್ವಾಂಸರಿಗಾಗಿ ನಡೆಯತಕ್ಕವು. ಪದವಿಯ ಪಾಠವನ್ನೇ ಇನ್ನೂ ಮುಗಿಸದ ವಿದ್ಯಾರ್ಥಿ ಅಲ್ಲಿಗೆ ಹೋಗಿ ಮಾಡುವುದೇನು? ಈ ಪ್ರಶ್ನೆಯನ್ನು ತಂದೆತಾಯಿಗಳೂ ಕೇಳುತ್ತಾರೆ, ಅಧ್ಯಾಪಕರೂ ಕೇಳುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ತಾಲ್ಲೂಕು ಕೇಂದ್ರಗಳಲ್ಲಿ ಈ ಪ್ರಶ್ನೆಗೆ ಬಲ ಹೆಚ್ಚು. ಬಸ್ಸಿನ ಖರ್ಚು, ಊಟ ವಸತಿಗಳ ಖರ್ಚು, ಪ್ರತಿನಿಧಿ ಶುಲ್ಕ ಇವೆಲ್ಲ ಸೇರಿದರೆ ಸಾಧಾರಣ ರೈತನ ಮನೆಗೆ ಅದೊಂದು ಹೊರೆಯೇ ಸರಿ. ಆದರೂ ವಿದ್ಯಾರ್ಥಿ ಹೋಗಬೇಕು, ಕಾಲೇಜು ಅವನನ್ನೂ ಅವಳನ್ನೂ ಕಳುಹಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪಠ್ಯಪುಸ್ತಕದಲ್ಲಿ ಬರುವುದು ತೀರ್ಮಾನವಾದ ವಿಜ್ಞಾನ. ಅಲ್ಲಿ ಸಂಶಯಗಳು ಅಳಿಸಿಹೋಗಿರುತ್ತವೆ. ಸಮ್ಮೇಳನದಲ್ಲಿ ಕಾಣುವುದು ಇನ್ನೂ ತೀರ್ಮಾನವಾಗದ ವಿಜ್ಞಾನ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ನರು ಕಂಡ ಬೆಳಕಿನ ಹೊಸ ಪರಿಣಾಮವು ನಮ್ಮ ಪಠ್ಯಗಳಲ್ಲಿ ಇಂದು ಒಂದೆರಡು ಪುಟಗಳ ವಿಷಯ. ಆದರೆ ಅದೇ ವರ್ಷದ ಮಾರ್ಚ್ 16ರಂದು, ಕೇವಲ 17 ದಿನಗಳ ತರುವಾಯ, ಅವರು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದನ್ನು ವಿವರಿಸಿದರು. ನೊಬೆಲ್ ಪಾರಿತೋಷಕ ಬರಲು ಇನ್ನೂ ಎರಡು ವರ್ಷಗಳಿದ್ದುವು. ಅಂದು ಆ ಸಭೆಯಲ್ಲಿ ಕುಳಿತವರಿಗೆ ದೊರೆತುದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಇನ್ನೊಂದು ನಿದರ್ಶನವುಂಟು. ಅದೇ 1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೋಮರ್‌ಫೆಲ್ಡ್ ಮದರಾಸಿಗೆ ಬಂದು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪನ್ಯಾಸ ಮಾಡಿದರು. ಸುಮಾರು 18 ವರ್ಷದ ವಿದ್ಯಾರ್ಥಿಯೊಬ್ಬ ಅವರು ಇಳಿದುಕೊಂಡಿದ್ದ ಹೋಟೆಲಿಗೇ ಹೋಗಿ ಅವರನ್ನು ಕಂಡನು. ಪರಮಾಣು ರಚನೆಯನ್ನು ಕುರಿತ ಅವರ ಗ್ರಂಥವನ್ನು ಅವನು ತಾನಾಗಿಯೇ ಓದಿಕೊಂಡಿದ್ದನು. ಆ ಗ್ರಂಥ ಬಂದ ಮೇಲೆ ಕ್ವಾಂಟಂ ಬಲವಿಜ್ಞಾನ ಹುಟ್ಟಿ ಎಲ್ಲವೂ ಬದಲಾಗಿದೆಯೆಂದು ಗ್ರಂಥಕರ್ತರೇ ತಿಳಿಸಿದರು; ತಮ್ಮ ಹೊಸ ಪ್ರಬಂಧದ ಕರಡಚ್ಚನ್ನೂ ಕೊಟ್ಟರು. ಆ ವಿದ್ಯಾರ್ಥಿಯೇ 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಚಂದ್ರಶೇಖರ್. ಎಲ್ಲರೂ ಚಂದ್ರಶೇಖರರಾಗಲಾರರು, ನಿಜ. ಆದರೆ ತಾನು ಓದಿದುದು ಹಳತಾಗಿರಬಹುದೆಂಬ ಅರಿವು ಎಲ್ಲರಿಗೂ ಬೇಕು.

1914ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸು ಮೊದಲು ಸೇರಿದಾಗ ಬಂದವರು 105 ಮಂದಿ, ಓದಿದ ಪ್ರಬಂಧಗಳು 35. ಅದೇ ಕಾಂಗ್ರೆಸ್ಸು 2016ರಲ್ಲಿ ಮೈಸೂರಿಗೂ 2020ರಲ್ಲಿ ಬೆಂಗಳೂರಿಗೂ ಬರುವ ವೇಳೆಗೆ ಬೃಹತ್ತಾಗಿ ಬೆಳೆದಿತ್ತು. ಇಂತಹ ಜಾತ್ರೆಯಲ್ಲಿ ವಿದ್ಯಾರ್ಥಿ ದಿಕ್ಕುಗಾಣದೆ ನಿಲ್ಲುವುದು ಸಹಜ. ಪ್ರಮಾಣಪತ್ರವೊಂದನ್ನು ಪಡೆದು, ಚೀಲವೊಂದನ್ನು ಹೆಗಲಿಗೇರಿಸಿ, ಊರು ನೋಡಿಕೊಂಡು ಬರುವವರೂ ಇದ್ದಾರೆ. ಅದಕ್ಕಾಗಿ ತಂದೆಯ ಹಣವನ್ನು ವ್ಯಯಮಾಡುವುದು ಅನ್ಯಾಯ.

ಆದುದರಿಂದ ಸಿದ್ಧತೆ ಅವಶ್ಯಕ. ಉಪನ್ಯಾಸಗಳ ಸಾರಾಂಶಗಳನ್ನು ಮೊದಲೇ ಓದಿ ಎರಡೋ ಮೂರೋ ಆರಿಸಿಕೊಳ್ಳಿರಿ. ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿರಿ. ತುಂಬಿದ ಸಭೆಯಲ್ಲಿ ಎದ್ದು ಕೇಳಲು ಸಂಕೋಚವಾದರೆ ಭಿತ್ತಿಪತ್ರಗಳ ಬಳಿ ಹೋಗಿರಿ. ಸಂಶೋಧಕರು ಅಲ್ಲಿ ಕೇಳುವವರಿಗಾಗಿಯೇ ಕಾದು ನಿಂತಿರುತ್ತಾರೆ. ಇಂಗ್ಲಿಷು ತೊಡಕಾದರೆ ಕನ್ನಡದಲ್ಲಿಯೇ ಕೇಳಿರಿ. ಪ್ರಶ್ನೆ ಒಳ್ಳೆಯದಾದರೆ ಭಾಷೆ ಅಡ್ಡಬಾರದು.

ಹಳ್ಳಿಗಾಡಿನ ವಿದ್ಯಾರ್ಥಿಯ ಕೈ ಬರಿದಲ್ಲ. ಸೂಳೆಕೆರೆಯಲ್ಲಿ ಹೂಳು ತುಂಬುವ ಬಗೆ, ಜಗಳೂರಿನ ಕೊಳವೆಬಾವಿಗಳ ನೀರಿನ ಗುಣ, ಹೊನ್ನಾಳಿಯಲ್ಲಿ ತುಂಗಭದ್ರೆಯ ಏರಿಳಿತ, ಚನ್ನಗಿರಿಯಲ್ಲಿ ಅಡಕೆ ಒಣಗುವ ಕಾಲ ಇವೆಲ್ಲವೂ ಅಳೆಯತಕ್ಕ ವಿಷಯಗಳೇ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು 10ರಿಂದ 17 ವರ್ಷದ ಮಕ್ಕಳಿಂದ ಬಯಸಿದುದು ಇದನ್ನೇ: ತಮ್ಮೂರಿನ ಸಮಸ್ಯೆಯೊಂದನ್ನು ತಾವೇ ಪರೀಕ್ಷಿಸಿ ನಾಲ್ವರ ಮುಂದಿಡುವುದು.

ಕಾಲೇಜುಗಳಲ್ಲಿ ನನ್ನ ಬಿನ್ನಹವಿಷ್ಟೆ. ವರ್ಷಕ್ಕೆ ಇಬ್ಬರನ್ನಾದರೂ ಸಂಸ್ಥೆಯ ಖರ್ಚಿನಲ್ಲಿ ಕಳುಹಿಸಲಿ. ದೂರದ ನಗರವೇ ಆಗಬೇಕೆಂದಿಲ್ಲ. ದಾವಣಗೆರೆ, ಶಂಕರಘಟ್ಟಗಳ ವಿಶ್ವವಿದ್ಯಾನಿಲಯಗಳು ಸಮೀಪದಲ್ಲಿಯೇ ಇವೆ. ಹೋಗಿಬಂದವರು ಪ್ರಮಾಣಪತ್ರವನ್ನು ತೋರಿಸುವುದು ಬೇಡ. ಸಹಪಾಠಿಗಳ ಮುಂದೆ ನಿಂತು, ಕೇಳಿದ ಪ್ರಶ್ನೆಯನ್ನೂ ಪಡೆದ ಉತ್ತರವನ್ನೂ ಹೇಳಲಿ. ಹಾಗಾದರೆ ಇಬ್ಬರ ಪ್ರಯಾಣ ಇಡೀ ತರಗತಿಯ ಪ್ರಯಾಣವಾದೀತು.