ಇನ್ನೂರು ನೂರಾಗದಂತೆ

ಕಾರವಾರ ತಾಲ್ಲೂಕಿನ ತೋಡೂರಿನಿಂದ ಪಿಯುಸಿ ವಿದ್ಯಾರ್ಥಿಯೊಬ್ಬ ಬರೆದ ಪತ್ರ ಈ ವಾರ ಮೇಜಿನ ಮೇಲಿದೆ. ತಂತಿ ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿದ್ದ ಅಜ್ಜನ ಡಬ್ಬಿಯಲ್ಲಿ ಮೂರು ವಸ್ತುಗಳು ಸಿಕ್ಕಿವೆಯಂತೆ: ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಉಕ್ಕಿನ ತೆಳು ಎಲೆಗಳು, ಗ್ರಾಂ ಅಂಕಿಗಳಿರುವ ಪುಟ್ಟದೊಂದು ಮಾಪಕ, ಎರಡೂ ತುದಿಗೆ ಸೀಳಿರುವ ತಗಡು ಕೂರಿಸಿದ ಶ್ರುತಿಕವೆ. ‘ಗುಜರಿಗೆ ಹಾಕು ಅನ್ನುತ್ತಾರೆ ಅಪ್ಪ. ಇವು ಏನು ಸಾರ್?’ ಎಂಬುದು ಪ್ರಶ್ನೆ. ಅಪ್ಪನವರು ದಯವಿಟ್ಟು ಒಂದು ವಾರ ತಾಳಬೇಕು. ಇವು ಟೆಲಿಪ್ರಿಂಟರಿನ ನಾಡಿ ನೋಡುತ್ತಿದ್ದ ಸಲಕರಣೆಗಳು.

ಟೆಲಿಪ್ರಿಂಟರನ್ನು ಇಂದಿನ ಮಕ್ಕಳು ನೋಡಿರಲಾರರು. ಇಲ್ಲಿ ಟೈಪು ಮಾಡಿದ್ದು ದೂರದ ಊರಿನಲ್ಲಿ ತಾನಾಗಿ ಅಚ್ಚಾಗುವ ಯಂತ್ರ ಅದು. ತಂತಿ ಕಚೇರಿಗಳಲ್ಲಿ, ಪತ್ರಿಕಾಲಯಗಳಲ್ಲಿ ಹಗಲಿರುಳು ಕಟಕಟಿಸುತ್ತಿತ್ತು. ನಮ್ಮ ದೇಶದಲ್ಲಿ ಇದನ್ನು ತಯಾರಿಸಲೆಂದೇ 1960ರಲ್ಲಿ ಮದರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಕಾರ್ಖಾನೆ ಆರಂಭವಾಯಿತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತಿತು.

ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಸ್ಥಿತಿ, ‘ಮಾರ್ಕ್’ ಮತ್ತು ‘ಸ್ಪೇಸ್’. ಪ್ರತಿ ಅಕ್ಷರಕ್ಕೂ ಇಂಥ ಐದು ಮಿಡಿತಗಳು. ನಿಮಿಷಕ್ಕೆ 400 ಅಕ್ಷರ ಕಳಿಸುವ ಯಂತ್ರದಲ್ಲಿ ಒಂದೊಂದು ಮಿಡಿತಕ್ಕೆ ಸಿಗುವ ಕಾಲ 20 ಮಿಲಿಸೆಕೆಂಡು. ಮುಂಚೆ ‘ಹೊರಟೆ’ ಎನ್ನಲು ಒಂದು ಸ್ಪೇಸ್, ಕೊನೆಗೆ ‘ಮುಗಿಯಿತು’ ಎನ್ನಲು 30 ಮಿಲಿಸೆಕೆಂಡಿನ ಒಂದು ಮಾರ್ಕ್. ಒಟ್ಟು 150. ಗುಣಿಸಿ ನೋಡಿ, 400 ಸರಿಹೋಗುತ್ತದೆ.

ಈಗ ಅಂಕಿಗಳನ್ನು ಗಮನಿಸಿ. 2 ಎಂದರೆ ಮಾರ್ಕ್, ಮಾರ್ಕ್, ಸ್ಪೇಸ್, ಸ್ಪೇಸ್, ಮಾರ್ಕ್. 1 ಎಂದರೆ ಮಾರ್ಕ್, ಮಾರ್ಕ್, ಮಾರ್ಕ್, ಸ್ಪೇಸ್, ಮಾರ್ಕ್. ಮೂರನೆಯ ಮಿಡಿತವೊಂದನ್ನು ಬಿಟ್ಟರೆ ಎರಡೂ ಅವಳಿ-ಜವಳಿ! ಎರಡನೆಯ ಮಾರ್ಕ್ ಮುಗಿಯಬೇಕಾದ ಹೊತ್ತಿಗೆ ಮುಗಿಯದೆ ಮುಂದಿನ ಮನೆಗೆ ಕಾಲು ಚಾಚಿದರೆ ಇನ್ನೂರು ನೂರಾಗುತ್ತದೆ. ಆಸ್ಪತ್ರೆಯ ಖರ್ಚಿಗೆಂದು ದುಡ್ಡು ಕಾಯುತ್ತಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಅಂಕಿಗಳನ್ನು ತಂತಿಯ ಕೊನೆಯಲ್ಲಿ ಇನ್ನೊಮ್ಮೆ ಕಳಿಸುತ್ತಿದ್ದ ರೂಢಿ ಸುಮ್ಮನೆ ಹುಟ್ಟಿದ್ದಲ್ಲ.

ಮಾರ್ಕ್ ಎಷ್ಟು ಹೊತ್ತಿರಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಕಳಿಸುವ ಯಂತ್ರದೊಳಗಿನ ಕಾಂಟ್ಯಾಕ್ಟ್ ಪಾಯಿಂಟು. ಹಳೆಯ ಸ್ಕೂಟರು, ಯೆಜ್ಡಿ ಓಡಿಸಿದ ತಂದೆಯರಿಗೆ ಪಾಯಿಂಟ್ ಗೊತ್ತು. ‘ಪಾಯಿಂಟ್ ಅಂತರ ಜಾಸ್ತಿಯಾಗಿದೆ’ ಎಂದು ಮೆಕ್ಯಾನಿಕ್ ಫೀಲರ್ ಗೇಜ್ ತೂರಿಸಿ ನೋಡುತ್ತಿದ್ದನಲ್ಲ, ತೋಡೂರಿನ ಡಬ್ಬಿಯಲ್ಲಿರುವ ಉಕ್ಕಿನ ಎಲೆಗಳು ಅವೇ. ಟೆಲಿಪ್ರಿಂಟರಿನಲ್ಲಿ ಎರಡು ಪಾಯಿಂಟುಗಳ ನಡುವೆ ಒಂದು ನಾಲಿಗೆ. ಮೋಟಾರಿನಿಂದ ತಿರುಗುವ ಕ್ಯಾಮ್ ಅದನ್ನು ಅತ್ತ ಮಾರ್ಕಿಗೆ, ಇತ್ತ ಸ್ಪೇಸಿಗೆ ತಳ್ಳುತ್ತದೆ. ಪಾಯಿಂಟುಗಳು ನಾಲಿಗೆಯ ಮಧ್ಯರೇಖೆಗೆ ಸಮದೂರದಲ್ಲಿ ಇರದಿದ್ದರೆ ಹತ್ತಿರವಿರುವ ಕಡೆ ನಾಲಿಗೆ ಬೇಗ ತಲುಪಿ ತಡವಾಗಿ ಬಿಡುತ್ತದೆ, ಪಕ್ಷಪಾತ ಶುರು. ಇಂಗ್ಲಿಷಿನಲ್ಲೂ ಇದಕ್ಕೆ ‘ಬಯಾಸ್’ ಎಂದೇ ಹೆಸರು.

ಗ್ರಾಂ ಮಾಪಕ ಸ್ಪ್ರಿಂಗಿನ ಒತ್ತಡ ನೋಡಲು. ಒತ್ತಡ ಕಡಿಮೆಯಾದರೆ ನಾಲಿಗೆ ಪಾಯಿಂಟಿಗೆ ಬಡಿದು ಪುಟಿಯುತ್ತದೆ, ಒಂದು ಮಿಡಿತ ಎರಡು ಚೂರಾಗುತ್ತದೆ. ಹೆಚ್ಚಾದರೆ ಕ್ಯಾಮ್ ಸವೆಯುತ್ತದೆ. ಮರಳು ಕಾಗದದಿಂದ ಪಾಯಿಂಟು ಉಜ್ಜುವುದು ಈ ಕೆಲಸದಲ್ಲಿ ಅಪರಾಧವೇ ಸರಿ. ಗೀರು ಬಿದ್ದಲ್ಲಿ ಕಿಡಿ ಹಾರಿ ಇನ್ನಷ್ಟು ಸುಡುತ್ತದೆ. ಮುಚ್ಚಿದ ಪಾಯಿಂಟುಗಳ ನಡುವೆ ಶುಭ್ರವಾದ ಕಾಗದದ ಪಟ್ಟಿಯೊಂದನ್ನು ಎಳೆದರೆ ಸಾಧಾರಣ ಕೊಳೆ ಹೋಗುತ್ತದೆ. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಇರುವ ಕರಾವಳಿಯಲ್ಲಿ ಲೋಹದ ಪಾಡೇನೆಂದು ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶ್ರುತಿಕವೆಯ ಉಪಾಯ. ಪಾಯಿಂಟು ಎಷ್ಟೇ ಸರಿಯಿದ್ದರೂ ಮೋಟಾರಿನ ವೇಗ ತಪ್ಪಿದರೆ ಎಲ್ಲ ವ್ಯರ್ಥ. ಆದ್ದರಿಂದ ಮೊದಲು ವೇಗ, ಆಮೇಲೆ ಪಾಯಿಂಟು. ಮೋಟಾರಿನ ಗವರ್ನರ್ ಚಕ್ರದ ಅಂಚಿನಲ್ಲಿ ಕಪ್ಪು-ಬಿಳಿ ಪಟ್ಟಿಗಳಿರುತ್ತವೆ. ಕವೆಯನ್ನು ಮಿಡಿದು, ಅದರ ಸೀಳುಗಳ ಮೂಲಕ ಚಕ್ರವನ್ನು ನೋಡಬೇಕು. ಕವೆ ಕಂಪಿಸಿದಂತೆ ಸೀಳು ತೆರೆದು ಮುಚ್ಚುತ್ತದೆ. ವೇಗ ಸರಿಯಿದ್ದರೆ ತಿರುಗುತ್ತಿರುವ ಪಟ್ಟಿಗಳು ನಿಂತಂತೆ ಕಾಣುತ್ತವೆ! ಚಕ್ರ ತಿರುಗುವ ದಿಕ್ಕಿಗೇ ಮೆಲ್ಲನೆ ಸರಿದರೆ ವೇಗ ಹೆಚ್ಚು, ಹಿಂದಕ್ಕೆ ಸರಿದರೆ ಕಡಿಮೆ. ಸಿನಿಮಾದಲ್ಲಿ ಕುದುರೆಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ, ಅದೇ ತತ್ವ.

ಇನ್ನು ಪಕ್ಷಪಾತದ ಪರೀಕ್ಷೆ. ಮಾರ್ಕಿಗೆ ಒಂದು ದಿಕ್ಕಿನ, ಸ್ಪೇಸಿಗೆ ವಿರುದ್ಧ ದಿಕ್ಕಿನ ವಿದ್ಯುತ್ತು ಹರಿಯುವ ವ್ಯವಸ್ಥೆಯಲ್ಲಿ ಎರಡನ್ನೂ ಒಂದಾದ ಮೇಲೊಂದು ಸಮಕಾಲ ಕಳಿಸಿ, ಸೊನ್ನೆ ನಡುವೆ ಇರುವ ಮೀಟರು ಹಚ್ಚುತ್ತಾರೆ. ಮುಳ್ಳು ಅಷ್ಟು ಬೇಗ ಓಲಾಡಲಾರದು, ಸರಾಸರಿಯನ್ನು ತೋರಿಸುತ್ತದೆ. ನಡುವೆ ನಿಂತರೆ ನ್ಯಾಯ, ವಾಲಿದರೆ ಆ ಕಡೆಯ ಪಾಯಿಂಟಿನ ತಿರುಪನ್ನು ಕೂದಲೆಳೆಯಷ್ಟು ಸರಿಸಬೇಕು. ಆಮೇಲೆ ಇಂಗ್ಲಿಷಿನ ಆರ್ ಮತ್ತು ವೈ ಅಕ್ಷರಗಳನ್ನು ಸಾಲುಗಟ್ಟಲೆ ಕಳಿಸುತ್ತಿದ್ದರು. ಆರ್‌ನಲ್ಲಿ ಮಾರ್ಕ್ ಇರುವಲ್ಲೆಲ್ಲ ವೈನಲ್ಲಿ ಸ್ಪೇಸ್. ಐದೂ ಮಿಡಿತಗಳಿಗೆ ಎರಡೂ ಕಡೆಯ ಕಸರತ್ತು.

ಇಷ್ಟೊಂದು ಸೂಕ್ಷ್ಮ ಏಕೆ? ಆಚೆಯ ಯಂತ್ರ ಪ್ರತಿ ಮಿಡಿತದ ನಟ್ಟನಡುವೆ ಒಮ್ಮೆ ಇಣುಕುತ್ತದೆ. ಅಂದರೆ ಆಚೀಚೆ 10 ಮಿಲಿಸೆಕೆಂಡು ಮಾತ್ರ ರಿಯಾಯಿತಿ. ಐದನೆಯ ಮಿಡಿತದ ನಡು ಬರುವುದು 110ನೇ ಮಿಲಿಸೆಕೆಂಡಿಗೆ. ಆಚೆಯ ಮೋಟಾರು ಶೇ. 5ರಷ್ಟು ನಿಧಾನವಿದ್ದರೆ ಅದು ಇಣುಕುವುದು 115.5ಕ್ಕೆ. ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಅಲ್ಲೇ ಖರ್ಚು. ನಡುದಾರಿಯ ರಿಲೇಗಳು, ತಂತಿಮಾರ್ಗ ತಮ್ಮ ಪಾಲು ಕೇಳುತ್ತವೆ. ಅಜ್ಜನ ಪಾಯಿಂಟಿಗೆ ಉಳಿಯುವುದು ಅಷ್ಟಿಷ್ಟು.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳುವ ಮಕ್ಕಳು ಶಾಲೆಯ ಪ್ರಯೋಗಾಲಯದ ಆರ್ಡುಯಿನೋ ಊನೋ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಲಿ. ಅದರ ಸೀರಿಯಲ್ ಸಂಪರ್ಕದಲ್ಲಿ ಇಂದಿಗೂ ಅದೇ ‘ಹೊರಟೆ’, ಅದೇ ‘ಮುಗಿಯಿತು’, ನಡುವೆ ಇಣುಕುವ ಅದೇ ಪದ್ಧತಿ. ವೇಗದ ಅಳತೆ ‘ಬಾಡ್’ ಕೂಡ ಐದು ಮಿಡಿತಗಳ ಲಿಪಿ ರೂಪಿಸಿದ ಫ್ರಾನ್ಸಿನ ಎಮಿಲ್ ಬೋದೋ ಹೆಸರಿನದು. ಕಂಪ್ಯೂಟರಿನಲ್ಲಿ 9600 ಇಟ್ಟು, ಬೋರ್ಡಿನ ಪ್ರೋಗ್ರಾಂನಲ್ಲಿ 9800 ಬರೆದು ನಿಮ್ಮ ಹೆಸರು ಕಳಿಸಿ, ಸರಿಯಾಗಿಯೇ ಬರುತ್ತದೆ. ಅದನ್ನು 10500 ಮಾಡಿ, ಪರದೆಯ ಮೇಲೆ ಏನು ಮೂಡುತ್ತದೆ ನೋಡಿ ನನಗೆ ಬರೆಯಿರಿ.