ತಬರನ ಕಥೆಗೆ ನಗಬಹುದೇನ್ರಿ?

2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಸಿನಿಮಾ ಬಂದಾಗ ನಮ್ಮಲ್ಲಿ ಬಹಳ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಅದರ ಮೂಲ ಕಥೆ ಇರುವುದು ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ. 1973ರ ಪುಸ್ತಕ. ಅದೇ ಪುಸ್ತಕದಲ್ಲಿ ‘ತಬರನ ಕಥೆ’ಯೂ ಇದೆ. ಮುಸ್ತಾಫಾನಿಗೆ ನಕ್ಕ ಹಾಗೆ ತಬರನಿಗೂ ನಗಬಹುದೇ? ಈ ಸಲದ ಓದಿಗೆ ಈ ಕಥೆ ಆರಿಸಿಕೊಂಡಾಗ ನಮ್ಮ ಕನ್ನಡ ಸಂಘದಲ್ಲಿ ಎರಡು ಪಂಗಡ ಆದವು. ‘ಬಡವನ ಗೋಳಿಗೆ ನಗೋದು ಅಂದ್ರ ಹೆಂಗ್ರೀ’ ಅಂತ ಒಂದು ಕಡೆಯವರು. ನಗುವೇ ಈ ಕಥೆಯ ಬಾಗಿಲು ಅಂತ ಇನ್ನೊಂದು ಕಡೆಯವರು. ಕೆರೂರು, ಗುಳೇದಗುಡ್ಡ, ಹುನಗುಂದ, ಇಳಕಲ್ ಕಡೆಯಿಂದ ಬಂದ ನಾವು ನಾಲ್ಕೈದು ಮಂದಿ ಎರಡನೇ ಪಂಗಡದವರು. ನಮ್ಮ ಮಾತನ್ನು ಇಲ್ಲಿ ವಿವರವಾಗಿ ಇಡುತ್ತೇವೆ. ಒಪ್ಪೋದು ಬಿಡೋದು ನಿಮಗ ಬಿಟ್ಟದ್ದು.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ತಬರ ಸರಕಾರಿ ಚಾಕರಿಯ ಕಟ್ಟಕಡೆಯ ಮೆಟ್ಟಿಲಲ್ಲಿ ಇದ್ದವನು. ಬ್ರಿಟಿಷರ ಕಾಲದಿಂದ ಸ್ವತಂತ್ರ ಭಾರತದವರೆಗೆ ದುಡಿದವನು. ಸರಕಾರ ಅಂದರೆ ಅವನಿಗೆ ದೇವರಿದ್ದ ಹಾಗೆ. ಕಾಫಿ ತೆರಿಗೆ ವಸೂಲಿಯ ಕೆಲಸಕ್ಕೆ ಅವನನ್ನು ಹಚ್ಚುತ್ತಾರೆ. ಆ ವಸೂಲಿಯ ಬಾಕಿ ಅವನ ತಲೆಗೇ ಬಂದು ಪಿಂಚಣಿಗೆ ಅಡ್ಡ ಬೀಳುತ್ತದೆ. ಇತ್ತ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆತು ಗ್ಯಾಂಗ್ರೀನ್ ಆಗುತ್ತದೆ. ಕಾಲು ಕತ್ತರಿಸದಿದ್ದರೆ ಜೀವ ಉಳಿಯುವುದಿಲ್ಲ, ಕತ್ತರಿಸಲು ದುಡ್ಡಿಲ್ಲ. ತಬರ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ದಿಕ್ಕು ತೋಚದೆ ಕಟುಕನ ಹತ್ತಿರ ಹೋಗಿ ಹೆಂಡತಿಯ ಕಾಲು ಕಡಿದುಕೊಡು ಅಂತ ಕೇಳುತ್ತಾನೆ. ಹೆಂಡತಿ ಉಳಿಯುವುದಿಲ್ಲ. ತಬರನ ಬುದ್ಧಿಯೂ ಉಳಿಯುವುದಿಲ್ಲ.

ಹೀಗೆ ಸಾರಾಂಶ ಹೇಳಿದರೆ ಇದು ಅಳುವ ಕಥೆ. ನಗುವಂಥದ್ದು ಏನೂ ಕಾಣುವುದಿಲ್ಲ. ನಮ್ಮ ಮೊದಲ ಮಾತು ಇಲ್ಲಿಂದಲೇ ಶುರು: ಸಾರಾಂಶದಲ್ಲಿ ಕಾಣದ್ದು, ಕಥೆ ಓದುವಾಗ ಮಾತ್ರ ಕಾಣುವಂಥದ್ದು ಏನಿದೆಯೋ ಅದಕ್ಕೇ ಶೈಲಿ ಅನ್ನೋದು.

ಪಿಯುಸಿವರೆಗೆ ನಾವೆಲ್ಲ ಕಲಿತದ್ದು ಬೇರೆ ಥರ. ‘ಕಥೆಯ ಆಶಯವೇನು?’ ಒಂದು ಪ್ರಶ್ನೆ. ‘ಶೈಲಿಯ ವೈಶಿಷ್ಟ್ಯಗಳನ್ನು ಬರೆಯಿರಿ’ ಇನ್ನೊಂದು ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಅಂಕ. ಗೈಡಿನಲ್ಲಿ ಆಶಯ ಅಂದರೆ ‘ಅಧಿಕಾರಶಾಹಿಯ ಕ್ರೌರ್ಯ’, ಶೈಲಿ ಅಂದರೆ ‘ಸರಳ, ಸುಂದರ, ಮನಮುಟ್ಟುವ’. ಎಂಜಿನಿಯರಿಂಗಿಗೆ ಬಂದ ಮೇಲಂತೂ ‘ಸಾಂಸ್ಕೃತಿಕ ಕನ್ನಡ’ದ ಪತ್ರಿಕೆಯಲ್ಲಿ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗೀತು. ಗೈಡಿನ ಉತ್ತರ ಸುಳ್ಳು ಅಂತ ನಾವು ಅನ್ನುವುದಿಲ್ಲ. ಆದರೆ ಅಧಿಕಾರಶಾಹಿ ಕ್ರೂರ ಅನ್ನುವುದು ತಿಳಿಯಲು ಕಥೆ ಯಾಕೆ ಬೇಕು? ನಮ್ಮೂರಿನ ಯಾವ ಕಟ್ಟೆಯ ಮೇಲೆ ಕುಂತರೂ ಅದು ಕಿವಿಗೆ ಬೀಳುತ್ತದೆ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಅನ್ನುವ ಗಾದೆಯಲ್ಲಿ ನಾಲ್ಕೇ ಮಾತಿನಲ್ಲಿ ಅದು ಮುಗಿದುಹೋಗಿದೆ. ಗಾದೆ ಹೇಳದ್ದನ್ನು ಕಥೆ ಏನು ಹೇಳುತ್ತದೆ ಅನ್ನುವುದೇ ಪ್ರಶ್ನೆ.

ಇದಕ್ಕೆ ಒಂದು ಹೋಲಿಕೆ ನಮಗೆ ಬಹಳ ಉಪಯೋಗಕ್ಕೆ ಬಂತು. ಹಿಂದಿಯ ಹರಿಶಂಕರ ಪರಸಾಯಿಯವರ ‘ಭೋಲಾರಾಮ್ ಕಾ ಜೀವ್’ ಕೂಡ ಪಿಂಚಣಿಯದೇ ಕಥೆ. ಪಿಂಚಣಿಗಾಗಿ ಕಾದು ಕಾದು ಭೋಲಾರಾಮ್ ಸಾಯುತ್ತಾನೆ. ಯಮದೂತನ ಕೈಯಿಂದ ಅವನ ಜೀವ ತಪ್ಪಿಸಿಕೊಳ್ಳುತ್ತದೆ. ಹುಡುಕಲು ನಾರದರು ಭೂಮಿಗೆ ಇಳಿಯುತ್ತಾರೆ. ಕಚೇರಿಯಲ್ಲಿ ಕಾಗದದ ಮೇಲೆ ‘ಭಾರ’ ಇಡಿ ಅನ್ನುತ್ತಾರೆ, ನಾರದರ ವೀಣೆಯೇ ಹೋಗುತ್ತದೆ. ಕಡೆಗೆ ನೋಡಿದರೆ ಜೀವ ಅಡಗಿ ಕುಂತಿರುವುದು ಪಿಂಚಣಿಯ ಫೈಲಿನಲ್ಲಿ! ಸ್ವರ್ಗಕ್ಕೆ ಬಾ ಅಂದರೂ ಅದು ಬರಲು ಒಲ್ಲೆ ಅನ್ನುತ್ತದೆ.

ವಿಷಯ ಒಂದೇ, ಎರಡರಲ್ಲೂ ನಗು ಇದೆ, ಆದರೆ ನಗು ಬೇರೆ. ಪರಸಾಯಿಯವರ ಕಥೆಗೆ ನಾವು ಬಾಯಿ ತುಂಬ ನಗುತ್ತೇವೆ. ಯಾಕಂದ್ರ ನಾರದರು ಬಂದ ಕೂಡಲೇ ಇದು ನಡೆಯುವ ಕಥೆಯಲ್ಲ ಅಂತ ನಮಗೆ ಧೈರ್ಯ ಬರುತ್ತದೆ. ಲಂಚ ಕೇಳುವವನು ಎದುರಿಗೇ ಇದ್ದಾನೆ, ಬೈಯಲು ಒಂದು ಮುಖ ಸಿಕ್ಕಿತು. ತೇಜಸ್ವಿ ಆ ಧೈರ್ಯವನ್ನೂ ಕೊಡುವುದಿಲ್ಲ, ಆ ಸಮಾಧಾನವನ್ನೂ ಕೊಡುವುದಿಲ್ಲ. ಅವರ ಕಥೆಯಲ್ಲಿ ನಡೆಯಲಾರದ್ದು ಏನೂ ನಡೆಯುವುದಿಲ್ಲ. ಹೇಳುವ ಧಾಟಿಯೂ ಶಾಂತ. ‘ಅಯ್ಯೋ ಪಾಪ’ ಅಂತ ನಿರೂಪಕ ನಮ್ಮ ಪರವಾಗಿ ಅಳುವುದಿಲ್ಲ. ಆ ಸಂಕಲನಕ್ಕೆ ಬರೆದ ಮುನ್ನುಡಿಯಲ್ಲಿ ತೇಜಸ್ವಿಯವರು ನವ್ಯದ ದಾರಿ ಬಿಟ್ಟು ಹೊಸ ದಾರಿ ಹುಡುಕಬೇಕು ಅಂತ ಖಡಕ್ಕಾಗಿ ಹೇಳಿದ್ದರು. ಒಬ್ಬನ ಮನಸ್ಸಿನೊಳಗೇ ಇಳಿದು ಕೂರುವ ಬರವಣಿಗೆಯಿಂದ ಅವರು ಹೊರಗೆ ಬಂದರು, ಬೀದಿಗೆ, ಕಚೇರಿಗೆ, ಸಂತೆಗೆ ಬಂದರು. ತಬರನ ಕಥೆಯ ಒಣ ಧಾಟಿ ಆ ನಿರ್ಧಾರದ ಫಲ ಅಂತ ನಮಗನಿಸುತ್ತದೆ.

ಈಗ ಕಟುಕನ ಪ್ರಸಂಗಕ್ಕೆ ಬರೋಣ. ಓದುವಾಗ ನಮ್ಮಲ್ಲಿ ಕೆಲವರಿಗೆ ಒಂದು ಕ್ಷಣ ನಗು ಬಂದದ್ದು ನಿಜ. ಮರುಕ್ಷಣ ಅದು ಗಂಟಲಲ್ಲೇ ನಿಂತದ್ದೂ ನಿಜ. ಯಾಕೆ ಬಂತು, ಯಾಕೆ ನಿಂತಿತು? ತಬರನ ತರ್ಕವನ್ನು ಬಿಡಿಸಿ ನೋಡ್ರಿ. ಕಾಲು ಕತ್ತರಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ಕತ್ತರಿಸುವುದನ್ನೇ ಕಸುಬು ಮಾಡಿಕೊಂಡವನು ಊರಲ್ಲಿ ಒಬ್ಬನಿದ್ದಾನೆ. ಅವನ ಹತ್ತಿರ ಹೋಗಬೇಕು. ಲೆಕ್ಕದಲ್ಲಿ ತಪ್ಪು ಎಲ್ಲಿದೆ? ಜೀವಮಾನವೆಲ್ಲ ಸರಕಾರ ತಬರನಿಗೆ ಕಲಿಸಿದ್ದು ಒಂದೇ ಪಾಠ: ಇದು ನಮ್ಮ ಕೆಲಸ ಅಲ್ಲ, ಸಂಬಂಧಪಟ್ಟವರನ್ನು ನೋಡು. ತಬರ ಆ ಪಾಠವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದಾನೆ. ಕಡಿಯುವ ಕೆಲಸಕ್ಕೆ ಸಂಬಂಧಪಟ್ಟವನು ಕಟುಕ. ಅದು ಹುಚ್ಚನ ಮಾತು ಅಂತ ನಮಗೆ ನಗು ಬಂತು. ಅದು ಕಚೇರಿಯ ಮಾತೇ, ಬರೀ ಜಾಗ ಬದಲಾಗಿದೆ ಅಂತ ಹೊಳೆದಾಗ ನಗು ನಿಂತಿತು. ‘ವ್ಯವಸ್ಥೆ ಮನುಷ್ಯನನ್ನು ಹುಚ್ಚನನ್ನಾಗಿ ಮಾಡುತ್ತದೆ’ ಅಂತ ಎಷ್ಟು ಸಾಲು ಬರೆದರೂ ಇದು ಹೊಳೆಯುತ್ತಿರಲಿಲ್ಲ. ನಗು ಬಂದು, ನಿಂತು, ನಾಚಿಕೆಯಾಗಿ ತಿರುಗುವ ಆ ಒಂದು ಕ್ಷಣದಲ್ಲೇ ಆಶಯ ಇದೆ. ಶೈಲಿಯನ್ನು ಕಿತ್ತು ಬದಿಗಿಟ್ಟರೆ ಆಶಯವೂ ಅದರ ಜೊತೆಗೇ ಹೋಗುತ್ತದೆ.

ಗ್ಯಾಂಗ್ರೀನ್ ಬಗ್ಗೆಯೂ ಒಂದು ಮಾತು. ರಕ್ತ ಹರಿಯದ ಕಡೆ ಮಾಂಸ ಸಾಯುತ್ತದೆ, ಸತ್ತದ್ದು ಮೇಲಕ್ಕೆ ಏರುತ್ತದೆ. ಫೈಲು ಹರಿಯುವುದಿಲ್ಲ, ಕಾಯಿಲೆ ಏರುತ್ತದೆ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಒಂದು ಓಡುತ್ತದೆ, ಇನ್ನೊಂದು ನಿಂತಿದೆ. ನಗುವೂ ಸಂಕಟವೂ ಹುಟ್ಟುವುದು ಈ ಎರಡರ ನಡುವಿನ ಅಂತರದಲ್ಲಿ. ಇಂಥದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೇ ಇದೆ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕರಾಳ ಹಾಸ್ಯ ಅನ್ನುವ ದೊಡ್ಡ ಪದ ಬರುವ ಮುಂಚೆಯೇ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು.

ಕಂಪ್ಯೂಟರ್ ಸೈನ್ಸಿನ ಗೆಳೆಯರಿಗೆ ಈ ಕಥೆ ಇನ್ನೊಂದು ದಾರಿಯಿಂದಲೂ ಅರ್ಥವಾದೀತು. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಡೆಡ್‌ಲಾಕ್ ಓದಿದ್ದೀರಲ್ಲ? ಒಂದು ಪ್ರೋಸೆಸ್ ತನ್ನ ಕೈಯಲ್ಲಿದ್ದದ್ದನ್ನು ಬಿಡದೆ ಇನ್ನೊಂದರ ಕೈಯಲ್ಲಿರುವುದಕ್ಕೆ ಕಾಯುತ್ತದೆ. ಅದು ಮತ್ತೊಂದಕ್ಕೆ ಕಾಯುತ್ತದೆ. ಸುತ್ತು ಪೂರ್ತಿಯಾದರೆ ಯಾವುದೂ ಮುಂದೆ ಹೋಗುವುದಿಲ್ಲ. ಬಾಕಿ ತೀರದೆ ಪಿಂಚಣಿ ಇಲ್ಲ, ಪಿಂಚಣಿ ಬರದೆ ಬಾಕಿ ತೀರಿಸಲು ದುಡ್ಡಿಲ್ಲ. ಡೆಡ್‌ಲಾಕಿನಲ್ಲಿ ಯಾವ ಪ್ರೋಸೆಸ್ಸೂ ಕೆಟ್ಟದ್ದಲ್ಲ, ಎಲ್ಲವೂ ತಮ್ಮ ತಮ್ಮ ನಿಯಮದ ಪ್ರಕಾರವೇ ನಡೆದಿರುತ್ತವೆ. ಒಬ್ಬ ಖಳನನ್ನು ಹುಡುಕಿ ಅವನ ಮೇಲೆ ಸಿಟ್ಟು ತೀರಿಸಿಕೊಂಡು ಪುಸ್ತಕ ಮುಚ್ಚುವ ಅವಕಾಶ ನಮಗಿಲ್ಲ. ಈ ಕಥೆ ಬಹಳ ದಿನ ಬೆನ್ನು ಬಿಡದಿರಲು ಅದೇ ಕಾರಣ.

ಗಿರೀಶ ಕಾಸರವಳ್ಳಿಯವರ 1986ರ ಸಿನಿಮಾ ಬಗ್ಗೆ ಕೇಳುವವರು ಇರುತ್ತೀರಿ. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದ ಸಿನಿಮಾ ಅದು. ತಬರನಾಗಿ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ನಮಗೂ ಅದು ಬಹಳ ಹಿಡಿಸಿತು. ಆದರೆ ಪರದೆ ಮೇಲೆ ತಬರನಿಗೆ ಒಂದು ಮುಖ ಇದೆ. ಆ ಮುಖ ನೋಡಿದ ಕೂಡಲೇ ಕರುಳು ಕಿವುಚುತ್ತದೆ, ನಗು ಹಿಂದೆ ಸರಿಯುತ್ತದೆ. ಪುಟದ ಮೇಲೆ ಮುಖ ಇಲ್ಲ. ಅಲ್ಲಿ ಮೊದಲು ನಗುತ್ತೇವೆ, ಆಮೇಲೆ ಸಿಕ್ಕಿಬೀಳುತ್ತೇವೆ. ಎರಡನ್ನೂ ಒಂದರ ಹಿಂದೊಂದು ನೋಡಿದರೆ, ಓದಿದರೆ, ಒಂದೇ ಆಶಯ ಶೈಲಿ ಬದಲಾದಾಗ ಹೇಗೆ ಬೇರೆಯಾಗುತ್ತದೆ ಅಂತ ಯಾವ ಗೈಡೂ ಇಲ್ಲದೆ ಗೊತ್ತಾಗುತ್ತದೆ.

ಇನ್ನು ಎದುರು ಪಂಗಡದವರ ಮಾತು. ಬಡವನಿಗೆ ನಗುವುದು ಅವಮಾನ ಅನ್ನುವ ಕಳಕಳಿ ನಮಗೆ ಅರ್ಥವಾಗುತ್ತದೆ. ಹಾಗೆ ಅವಮಾನ ಮಾಡುವ ಕಥೆಗಳೂ, ರೀಲ್ಸ್‌ಗಳೂ ಬೇಕಾದಷ್ಟಿವೆ. ನಮ್ಮ ಉತ್ತರ ಇಷ್ಟೇ: ನಗುವಿನ ಮೊನೆ ಯಾರ ಕಡೆಗೆ ತಿರುಗಿದೆ ನೋಡ್ರಿ. ತಬರನ ಬಡತನಕ್ಕೆ, ಭಾಷೆಗೆ, ಬಟ್ಟೆಗೆ ನಗಿಸಿದ್ದರೆ ನಾವೂ ನಿಮ್ಮ ಪಂಗಡಕ್ಕೇ ಬರುತ್ತಿದ್ದೆವು. ಇಲ್ಲಿ ನಗೆಪಾಟಲಿಗೆ ಈಡಾಗುವುದು ಅವನು ನಂಬಿದ ಸರಕಾರ, ಅದರ ನಿಯಮ, ‘ನಾಳೆ ಬಾ’ ಅನ್ನುವ ಅದರ ಮಾತು. ಬರೀ ಕನಿಕರಪಟ್ಟರೆ ತಬರ ನಮಗಿಂತ ಕೆಳಗೆ ಉಳಿಯುತ್ತಾನೆ, ನಾವು ಮೇಲೆ ನಿಂತು ಕಣ್ಣೀರು ಹಾಕುತ್ತೇವೆ. ಅವನ ತರ್ಕ ನಮ್ಮದೇ ತರ್ಕ ಅಂತ ಹೊಳೆದಾಗ ಅವನು ನಮ್ಮ ಪಕ್ಕಕ್ಕೆ ಬಂದು ಕೂರುತ್ತಾನೆ.

ಕೆರೂರಿನಲ್ಲಿ ಕಾಫಿ ತೋಟ ಇಲ್ಲ, ಕಾಫಿ ತೆರಿಗೆಯೂ ಇಲ್ಲ. ಆದರೂ ತಬರ ನಮಗೆ ಪರಕೀಯ ಅನಿಸಲಿಲ್ಲ. ನಮ್ಮ ಊರಿನವರಿಗೆ ತಾಲ್ಲೂಕಿನ ಕೆಲಸಕ್ಕೆ ಬಾದಾಮಿ, ಜಿಲ್ಲೆಯ ಕೆಲಸಕ್ಕೆ ಬಾಗಲಕೋಟೆ. 1997ರಲ್ಲಿ ಜಿಲ್ಲೆ ಆಗುವ ಮುಂಚೆ ಕೃಷ್ಣೆ ದಾಟಿ ವಿಜಯಪುರಕ್ಕೇ ಹೋಗಬೇಕಿತ್ತು. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕೊಟ್ಟು ನವನಗರಕ್ಕೋ ಪುನರ್ವಸತಿ ಊರಿಗೋ ಬಂದ ಮನೆಗಳಲ್ಲಿ ಕಾಗದದ ಚೀಲ ಒಂದು ಇದ್ದೇ ಇರುತ್ತದೆ. ಜಾತ್ರೆಯ ಬುತ್ತಿಗಿಂತ ಜೋಪಾನವಾಗಿ ಅದನ್ನು ಹೊತ್ತುಕೊಂಡು ಹೋಗುವ ಅಜ್ಜಂದಿರನ್ನು ನಾವು ಬಸ್ಸಿನಲ್ಲಿ ನೋಡುತ್ತಲೇ ಬೆಳೆದವರು.

ಇವತ್ತು ಆ ಚೀಲದ ಜಾಗಕ್ಕೆ ಮೊಬೈಲು ಬಂದಿದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. ಅದನ್ನು ಕಂಪ್ಯೂಟರಿನಲ್ಲಿ ಕೊಡಲು 2014ರಲ್ಲಿ ‘ಜೀವನ್ ಪ್ರಮಾಣ್’ ಬಂತು. ಕಚೇರಿ ಅಲೆಯುವುದು ಎಷ್ಟೋ ಜನರಿಗೆ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಹೊಲದಲ್ಲಿ, ಮಗ್ಗದಲ್ಲಿ ದುಡಿದು ಬೆರಳು ಸವೆದವರ ಹೆಬ್ಬೆಟ್ಟನ್ನು ಯಂತ್ರ ಕೆಲವು ಸಲ ಗುರುತಿಸುವುದಿಲ್ಲ. ಎದುರಿಗೆ ಮನುಷ್ಯ ಉಸಿರಾಡುತ್ತಾ ಕುಂತಿದ್ದಾನೆ, ತೆರೆ ಅವನನ್ನು ಒಲ್ಲೆ ಅನ್ನುತ್ತದೆ. ಮುಖ ತೋರಿಸಿ ಗುರುತು ಹಿಡಿಸುವ ವ್ಯವಸ್ಥೆ ಆಮೇಲೆ ಬಂತು ಅನ್ನಿ. ಆದರೂ ಇದಕ್ಕೆ ನಗಬೇಕೋ ಅಳಬೇಕೋ? ತಬರನನ್ನು ಓದಿದವರಿಗೆ ಎರಡೂ ಒಟ್ಟಿಗೇ ಬರುತ್ತವೆ.

ಆ ತೆರೆಯನ್ನು ಬರೆಯುವವರು ಯಾರು? ಇನ್ನು ಎರಡು ಮೂರು ವರ್ಷಕ್ಕೆ ನಾವು, ನೀವು. ‘ಅಮಾನ್ಯ ನಮೂದು, ಮತ್ತೆ ಪ್ರಯತ್ನಿಸಿ’ ಅನ್ನುವ ಸಾಲನ್ನು ಟೈಪ್ ಮಾಡುವ ಕೈ ನಮ್ಮದೇ ಆಗಿರುತ್ತದೆ. ನಮ್ಮ ಕೋಡು ನಿಯಮದ ಪ್ರಕಾರ ಸರಿಯಾಗಿಯೇ ಇರುತ್ತದೆ, ಟೆಸ್ಟ್ ಕೇಸುಗಳೆಲ್ಲ ಪಾಸಾಗಿರುತ್ತವೆ. ತಬರನ ಫೈಲನ್ನು ಹಿಡಿದಿಟ್ಟವರೂ ನಿಯಮ ತಪ್ಪಲಿಲ್ಲ.

ಅದಕ್ಕೇ ಈ ಕಥೆಯನ್ನು ಆಶಯ ಒಂದು ಕಡೆ, ಶೈಲಿ ಒಂದು ಕಡೆ ಅಂತ ಹೋಳು ಮಾಡಿ ಓದಬೇಡಿ ಅಂತ ನಮ್ಮ ಕೋರಿಕೆ. ನಿಮಗೆ ಎಲ್ಲಿ ನಗು ಬಂತೋ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಎಲ್ಲಿ ಆ ನಗು ನಿಂತಿತೋ ಅಲ್ಲಿ ಇನ್ನೊಂದು ಗುರುತು. ಆ ಎರಡು ಗುರುತುಗಳ ನಡುವಿನ ಸಾಲುಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿ. ಪುಸ್ತಕ ನಮ್ಮ ಲೈಬ್ರರಿಯಲ್ಲಿ ಇದೆ. ಓದಿದ ಮೇಲೂ ನಗಬಾರದು ಅನ್ನುವವರು ಮುಂದಿನ ಸಂಚಿಕೆಗೆ ಬರೆದು ಕಳಿಸ್ರಿ. ಜಗಳಕ್ಕೆ ನಾವು ತಯಾರು.